ರಿಕಿಡೋಜಾನ್: ಊರಿನ ಹೆಸರು ಮುಚ್ಚಿಟ್ಟ ಪೈಲ್ವಾನ

ಸಂತೇಬೆನ್ನೂರಿನಿಂದ ಮಾತಾಡ್ತಿದೀನಿ. ದಾವಣಗೆರೆ ದುಗ್ಗಮ್ಮನ ಜಾತ್ರೆ ಕುಸ್ತಿ ನೋಡಿರೋರಿಗೆ ಗೊತ್ತು, ಪೈಲ್ವಾನ ಅಂದ್ರೆ ಹೆಸರಿನ ಜೊತೆ ಊರೂ ಬರ್ಬೇಕು. ಅರ್ಧ ಶಿಳ್ಳೆ ಬೀಳೋದೇ ಊರಿಗೆ. ಇವತ್ತಿನ ಕಥೆ, ತನ್ನ ಊರನ್ನೇ ಮುಚ್ಚಿಟ್ಟು ಒಂದು ದೇಶಕ್ಕೆ ಹೀರೋ ಆದವನದ್ದು.

ಹೆಸರು ರಿಕಿಡೋಜಾನ್. ನಿಜವಾದ ಹೆಸರು ಕಿಮ್ ಸಿನ್-ರಾಕ್. ಹುಟ್ಟಿದ್ದು 1924ರಲ್ಲಿ, ಈಗಿನ ಉತ್ತರ ಕೊರಿಯಾದಲ್ಲಿ. ಆಗ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಹದಿಹರೆಯದಲ್ಲೇ ಜಪಾನಿಗೆ ಬಂದು ಸುಮೋ ಸೇರಿದ, ಮೇಲಿನಿಂದ ಮೂರನೇ ದರ್ಜೆಯವರೆಗೂ ಏರಿದ. 1950ರಲ್ಲಿ ತನ್ನ ಜುಟ್ಟನ್ನ ತಾನೇ ಕತ್ತರಿಸ್ಕೊಂಡು ಹೊರಗೆ ಬಂದ. ಮರುವರ್ಷ ಪ್ರೊಫೆಷನಲ್ ಕುಸ್ತಿಗೆ ಇಳಿದ. ಜಪಾನಿನಲ್ಲಿ ಕೊರಿಯನ್ನರಿಗೆ ಕೆಲಸ, ಬಾಡಿಗೆ ಮನೆ ಸಿಗೋದೂ ಕಷ್ಟ ಇತ್ತು. ಹಾಗಾಗಿ ಈತ ನಾಗಾಸಾಕಿ ಕಡೆಯವನು ಅಂತಲೇ ಜನರಿಗೆ ಹೇಳಲಾಯ್ತು.

ಈಗ ಸ್ವಲ್ಪ ವ್ಯಾಪಾರದ ಲೆಕ್ಕ. 1953ರಲ್ಲಿ ಜಪಾನಿಗೆ ಟಿವಿ ಬಂತು, ಆದ್ರೆ ಕೊಳ್ಳೋ ಶಕ್ತಿ ಜನಕ್ಕಿರಲಿಲ್ಲ. ನೋಡೋರಿಲ್ಲದೆ ಜಾಹೀರಾತು ಯಾರು ಕೊಡ್ತಾರೆ? ನಿಪ್ಪಾನ್ ಟಿವಿಯವರು ಬೀದಿಬೀದಿಯಲ್ಲಿ ಟಿವಿ ಇಟ್ರು. 1954ರ ಫೆಬ್ರವರಿಯಲ್ಲಿ ರಿಕಿಡೋಜಾನ್, ಕಿಮುರಾ ಜೋಡಿ ಶಾರ್ಪ್ ಸಹೋದರರ ಎದುರು ಇಳಿದಾಗ ಆ ಟಿವಿಗಳ ಮುಂದೆ ಜನಸಾಗರ. ಯುದ್ಧ ಸೋತು ಇನ್ನೂ ಒಂಬತ್ತು ವರ್ಷ ಆಗಿರಲಿಲ್ಲ. ದೈತ್ಯ ಬಿಳಿಯರನ್ನ ನಮ್ಮವನೊಬ್ಬ ಕರಾಟೆ ಏಟಿನಿಂದ ಕೆಡವ್ತಿದಾನೆ! ಮುಂದಿನ ವರ್ಷ, ನಮ್ಮ ದಾರಾ ಸಿಂಗ್ ಜೊತೆ ಸೆಣಸಿದ ಅದೇ ಕಿಂಗ್‌ಕಾಂಗ್‌ನನ್ನೂ ಈತ ಸೋಲಿಸಿದ.

'ಅದೆಲ್ಲ ಮೊದಲೇ ಫಿಕ್ಸ್ ಅಲ್ವಾ?' ಅಂತೀರಾ. ಹೌದು, ಪ್ರೊಫೆಷನಲ್ ಕುಸ್ತಿಯಲ್ಲಿ ಗೆಲ್ಲೋದು ಯಾರು ಅಂತ ಮೊದಲೇ ತೀರ್ಮಾನ ಆಗಿರುತ್ತೆ. ನಮ್ಮ ಮಣ್ಣಿನ ಕುಸ್ತಿ ಲೆಕ್ಕವೇ ಬೇರೆ. ಆದ್ರೆ ಬೀದಿಯಲ್ಲಿ ನಿಂತವರ ಕಣ್ಣೀರು ಫಿಕ್ಸ್ ಆಗಿರಲಿಲ್ಲ. ಅವರು 'ನಮ್ಮವನು' ಅಂತ ಎತ್ತಿ ಮೆರೆಸಿದ್ದು, ನಿಜ ಗೊತ್ತಿದ್ರೆ ಪಕ್ಕದ ಮನೆಗೂ ಸೇರಿಸದೆ ಇರಬಹುದಾಗಿದ್ದ ಒಬ್ಬ ಕೊರಿಯನ್ನನನ್ನ. ಆತನಿಗೆ ಇದು ಪ್ರತಿದಿನ ಗೊತ್ತಿತ್ತು.

1963ರ ಜನವರಿಯಲ್ಲಿ ಈತ ದಕ್ಷಿಣ ಕೊರಿಯಾಕ್ಕೆ ಹೋಗಿಬಂದ. ಹುಟ್ಟೂರು ಮಾತ್ರ ಗಡಿಯ ಆಚೆಗಿತ್ತು. ಅದೇ ಡಿಸೆಂಬರ್ 8ರಂದು ಟೋಕಿಯೋದ ನೈಟ್‌ಕ್ಲಬ್ಬಿನಲ್ಲಿ ಜಗಳವಾಗಿ, ಯಾಕುಜಾ ಗ್ಯಾಂಗಿನವನೊಬ್ಬ ಹೊಟ್ಟೆಗೆ ಚಾಕು ಹಾಕಿದ. ಒಂದು ವಾರಕ್ಕೆ ಪ್ರಾಣ ಹೋಯ್ತು. ವಯಸ್ಸು 39.

ಕುಸ್ತಿ ಅಲ್ಲಿಗೇ ನಿಲ್ಲಲಿಲ್ಲ. ಜೈಂಟ್ ಬಾಬಾ, ಆಂಟೋನಿಯೋ ಇನೋಕಿ ಇಬ್ಬರೂ ಇವನ ಶಿಷ್ಯರು. 1972ರಲ್ಲಿ ಒಬ್ಬೊಬ್ಬರು ಒಂದೊಂದು ಕಂಪನಿ ಕಟ್ಟಿದ್ರು. ಅವೆರಡೂ ಇವತ್ತಿಗೂ ನಡೀತಿವೆ. 1976ರಲ್ಲಿ ಮಹಮ್ಮದ್ ಅಲಿ ಜೊತೆ ರಿಂಗಿಗೆ ಇಳಿದವನು ಇದೇ ಇನೋಕಿ. 1995ರ ಏಪ್ರಿಲ್‌ನಲ್ಲಿ ಇನೋಕಿ ಉತ್ತರ ಕೊರಿಯಾದ ಪ್ಯೊಂಗ್ಯಾಂಗ್‌ಗೆ ಹೋಗಿ, ತುಂಬಿದ ಸ್ಟೇಡಿಯಂನಲ್ಲಿ ಅಮೆರಿಕದ ರಿಕ್ ಫ್ಲೇರ್ ಜೊತೆ ಕುಸ್ತಿ ಆಡಿದ. ಗುರು ಬದುಕಿದ್ದಾಗ ಬಾಯಿಬಿಟ್ಟು ಹೇಳಿಕೊಳ್ಳಲಾಗದ ನಾಡಿಗೆ ಶಿಷ್ಯ ಎಲ್ಲರ ಎದುರೇ ಹೋಗಿಬಂದ.

ನಿಮ್ಮೂರಿನ ಗರಡಿಮನೆಯ ಹಳೇ ಪೈಲ್ವಾನರ ಕಥೆ ಗೊತ್ತಿದ್ರೆ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.