ಹಳೆಯ ಬಿರಡೆತಿರುಪುಗಳ ಕಾಲನಿರ್ಣಯ

ಅರಸುಮನೆತನಗಳ ಏಳುಬೀಳುಗಳೂ ಯುದ್ಧಗಳೂ ಒಪ್ಪಂದಗಳೂ ಚರಿತ್ರೆಗೆ ತಕ್ಕ ವಿಷಯಗಳೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಸೀಸೆಯ ಬಾಯಿಂದ ಬಿರಡೆಯನ್ನು ಕೀಳುವ ಗೇಣುದ್ದದ ತಿರುಪಿಗೂ ಒಂದು ಚರಿತ್ರೆಯುಂಟೆಂದರೆ ಕೇಳುಗರು ನಕ್ಕಾರು. ಕಾರ್ಕ್‌ಸ್ಕ್ರೂ ಎಂದು ಇಂಗ್ಲಿಷಿನಲ್ಲಿ ಕರೆಯುವ ಈ ಉಪಕರಣವು ದ್ರಾಕ್ಷಾಮದ್ಯದ ಸಂಗಾತಿ ಮಾತ್ರವೆಂದು ಮುಖ ತಿರುಗಿಸಬೇಕಾದುದೂ ಇಲ್ಲ. ಒಂದು ಕಾಲದಲ್ಲಿ ಔಷಧದ ಸೀಸೆಗೂ ಮಸಿಯ ಸೀಸೆಗೂ ಸುಗಂಧದ ಸೀಸೆಗೂ ಬಿರಡೆಯೇ ಮುಚ್ಚಳವಾಗಿದ್ದಿತು. ಅವುಗಳಿಗೆಂದೇ ಸಣ್ಣ ಸಣ್ಣ ತಿರುಪುಗಳು ತಯಾರಾಗುತ್ತಿದ್ದವು. ಇಂಥ ಹಳೆಯದೊಂದು ತಿರುಪು ನಮ್ಮ ಕೈಗೆ ಬಂದರೆ ಅದನ್ನು ಮಾಡಿದವರು ಯಾರು, ಮಾಡಿದ್ದು ಯಾವಾಗ, ಅದರ ಮೇಲೆ ಕೊರೆದಿರುವ ಹೆಸರನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಇಂದು ವಿಚಾರಮಾಡೋಣ.

ಮೊದಲು ಇದರ ಮೂಲವನ್ನು ನೋಡೋಣ. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಗಾಜುಗಾರರು ಕಲ್ಲಿದ್ದಲಿನ ಕುಲುಮೆಗಳಲ್ಲಿ ದಪ್ಪನೆಯ, ಗಟ್ಟಿಯಾದ ಸೀಸೆಗಳನ್ನು ಊದತೊಡಗಿದರು. ಪೋರ್ಚುಗಲ್, ಸ್ಪೇನ್ ದೇಶಗಳಲ್ಲಿ ಬೆಳೆಯುವ ಒಂದು ಜಾತಿಯ ಓಕ್ ಮರದ ತೊಗಟೆಯಿಂದ ಕೊಯ್ದ ಬಿರಡೆಯು ಅವುಗಳ ಬಾಯಿಗೆ ಚೆನ್ನಾಗಿ ಹೊಂದಿಕೊಂಡಿತು. ಹೊಂದಿಕೊಂಡುದನ್ನು ಕೀಳುವುದಕ್ಕೆ ಸಾಧನ ಬೇಕಾಯಿತು. ಕೋವಿಯ ನಳಿಗೆಯೊಳಗೆ ಸಿಕ್ಕಿಕೊಂಡ ಚಿಂದಿಯನ್ನು ಹೊರಕ್ಕೆ ಎಳೆಯುವ ಉಕ್ಕಿನ ಸುರುಳಿಯೊಂದು ಆಗಲೇ ಬಳಕೆಯಲ್ಲಿದ್ದಿತು. ಬಿರಡೆತಿರುಪು ಅದರಿಂದಲೇ ಹುಟ್ಟಿರಬೇಕೆಂದು ತಿಳಿದವರು ಊಹಿಸುತ್ತಾರೆ. ನೆಹೆಮಯ ಗ್ರೂ ಎಂಬ ವಿದ್ವಾಂಸನು 1681ರಲ್ಲಿ ಪ್ರಕಟಿಸಿದ ರಾಯಲ್ ಸೊಸೈಟಿಯ ವಸ್ತುಸಂಗ್ರಹದ ವಿವರಪಟ್ಟಿಯಲ್ಲಿ, ಬಿರಡೆಗಳನ್ನೆಳೆಯುವ ಉಕ್ಕಿನ ‘ಹುಳು’ವಿನ ಪ್ರಸ್ತಾಪವಿದೆ. 18ನೆಯ ಶತಮಾನದಲ್ಲಿ ಸೀಸೆಗಳು ನೀಳವಾಗಿ, ಅವುಗಳನ್ನು ಮಲಗಿಸಿಡುವ ಪದ್ಧತಿ ಬಂದ ಮೇಲೆ ಬಿರಡೆಯನ್ನು ಬಾಯಿಯ ಮಟ್ಟಕ್ಕೆ ಬಡಿದು ಕೂರಿಸುವುದು ವಾಡಿಕೆಯಾಯಿತು. ಆಗ ತಿರುಪಿಲ್ಲದೆ ಗತಿಯಿಲ್ಲವಾಯಿತು.

ಇಂಗ್ಲೆಂಡಿನಲ್ಲಿ ಈ ಉಪಕರಣಕ್ಕೆ ಮೊದಲ ಪೇಟೆಂಟನ್ನು ಪಡೆದವನು ಸ್ಯಾಮ್ಯುಅಲ್ ಹೆನ್‌ಶಾಲ್ ಎಂಬ ಪಾದ್ರಿ, ವರ್ಷ 1795. ಅವನು ಸುರುಳಿಯ ಮೇಲ್ತುದಿಯಲ್ಲಿ ಒಂದು ಬಿಲ್ಲೆಯನ್ನು ಸೇರಿಸಿದನು. ಸುರುಳಿ ಪೂರ್ತಿ ಇಳಿದೊಡನೆ ಬಿಲ್ಲೆಯು ಬಿರಡೆಯ ನೆತ್ತಿಗೆ ಒತ್ತಿ ನಿಲ್ಲುತ್ತದೆ. ಇನ್ನೂ ತಿರುಗಿಸಿದರೆ ಬಿರಡೆಯೇ ತಿರುಗಿ, ಗಾಜಿನೊಡನೆ ಅದಕ್ಕಿದ್ದ ಅಂಟು ಬಿಡುತ್ತದೆ. ಬರ್ಮಿಂಗ್‌ಹ್ಯಾಮಿನ ಪ್ರಸಿದ್ಧ ಉದ್ಯಮಿ ಮ್ಯಾಥ್ಯೂ ಬೋಲ್ಟನ್ ಇವುಗಳ ತಯಾರಿಕೆಗೆ ನೆರವಾದನು. 1802ರಲ್ಲಿ ಅದೇ ಊರಿನ ಎಡ್ವರ್ಡ್ ಥಾಮಸನ್ ಇನ್ನೊಂದು ಪೇಟೆಂಟನ್ನು ಪಡೆದನು. ಅವನ ಯಂತ್ರದಲ್ಲಿ ಹಿತ್ತಾಳೆಯ ಕೊಳವೆಯೊಳಗೆ ಒಂದರೊಳಗೊಂದು ಎರಡು ತಿರುಪುಗಳಿವೆ. ಹಿಡಿಯನ್ನು ಒಂದೇ ದಿಕ್ಕಿಗೆ ತಿರುಗಿಸುತ್ತ ಹೋದರೆ ಸುರುಳಿ ಬಿರಡೆಗೆ ಇಳಿದು, ಅನಂತರ ಬಿರಡೆ ತಾನಾಗಿ ಮೇಲಕ್ಕೇರಿ ಬರುತ್ತದೆ. ಹಿಂದಕ್ಕೆ ತಿರುಗಿಸಿದರೆ ಸುರುಳಿ ಬಿರಡೆಯನ್ನು ಬಿಟ್ಟುಬಿಡುತ್ತದೆ. ಮೂಳೆಯ ಹಿಡಿ, ಸೀಸೆಯ ಧೂಳನ್ನು ಒರಸಲು ಹಿಡಿಯ ತುದಿಯಲ್ಲೊಂದು ಕುಂಚ, ಕೊಳವೆಯ ಮೇಲೆ ರಾಜಲಾಂಛನದ ಫಲಕ: ಇವನ್ನು ನೋಡಿದವರು ಒಡನೆಯೇ ‘ಇದು ಥಾಮಸನ್ನನದು’ ಎನ್ನುತ್ತಾರೆ.

ತೊಡಕು ಆರಂಭವಾಗುವುದು ಇಲ್ಲಿಯೇ. ಆಗ ಪೇಟೆಂಟಿನ ಹಕ್ಕು 14 ವರ್ಷಗಳದು. 1816ರಲ್ಲಿ ಅದು ತೀರಿದ ಮೇಲೆ ಬೇರೆ ಕಮ್ಮಟಗಳೂ ಅದೇ ಯಂತ್ರವನ್ನು, ಅದೇ ಬಗೆಯ ಲಾಂಛನದೊಡನೆ, ನ್ಯಾಯವಾಗಿಯೇ ಮಾಡತೊಡಗಿದವು. ನಮ್ಮ ನಾಡಿನ ತಾಮ್ರಶಾಸನಗಳನ್ನು ಓದುವವರು ಶಾಸನದಲ್ಲಿ ಹೇಳಿದ ಶಕವರ್ಷವೊಂದು, ಲಿಪಿ ತೋರಿಸುವ ಕಾಲವೊಂದು ಆದರೆ ಕೂಟಶಾಸನವೆಂದು ಶಂಕಿಸುವರಷ್ಟೆ. ಇಲ್ಲಿ ಅಂಥ ಕಪಟವೇನೂ ಇಲ್ಲ. ಆದರೂ ಅದೇ ಎಚ್ಚರ ಬೇಕು. ರಾಜಲಾಂಛನ ಕಂಡಮಾತ್ರಕ್ಕೆ ಎಲ್ಲವನ್ನೂ ಥಾಮಸನ್ನನ ಲೆಕ್ಕಕ್ಕೆ ಸೇರಿಸಿದರೆ, ಒಬ್ಬನ ಹೆಸರಿಗೆ ಹಲವರ ದುಡಿಮೆಯನ್ನು ಬರೆದುಕೊಟ್ಟಂತಾಗುತ್ತದೆ. ಕೊಳ್ಳುವವನು ಹೆಚ್ಚು ಹಣ ತೆರುವುದು ಅದರ ಒಂದು ಫಲ. ಬರ್ಮಿಂಗ್‌ಹ್ಯಾಮಿನ ಉಳಿದ ಕುಶಲಿಗಳು ಚರಿತ್ರೆಯಿಂದ ಅಳಿಸಿಹೋಗುವುದು ಇನ್ನೂ ದೊಡ್ಡ ನಷ್ಟ. ಆದುದರಿಂದ ಫಲಕದ ಅಂಚಿನಲ್ಲಿ ಬೇರೊಬ್ಬ ತಯಾರಕನ ಹೆಸರಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಬೇಕು. 1802 ಎಂಬುದು ಆ ಯಂತ್ರಕ್ಕೆ ಹಿಂದಿನ ಎಲ್ಲೆಯನ್ನು ತಿಳಿಸುತ್ತದೆಯೇ ಹೊರತು ನಮ್ಮ ಕೈಯಲ್ಲಿರುವ ವಸ್ತುವಿನ ಜನ್ಮವರ್ಷವನ್ನಲ್ಲ.

ಕೆಲವು ತಿರುಪುಗಳ ಮೇಲೆ ವಜ್ರಾಕೃತಿಯ ಪುಟ್ಟ ಗುರುತೊಂದಿರುತ್ತದೆ. ಇದು 1842ರಿಂದ 1883ರವರೆಗೆ ಬ್ರಿಟಿಷ್ ಸರ್ಕಾರದಲ್ಲಿ ನೋಂದಾಯಿಸಿದ ವಿನ್ಯಾಸಗಳ ಚಿಹ್ನೆ. ನೆತ್ತಿಯ ವೃತ್ತದಲ್ಲಿರುವ ರೋಮನ್ ಅಂಕಿ ಒಂದು ಲೋಹದ ವರ್ಗವನ್ನು ಸೂಚಿಸುತ್ತದೆ. ಮೂಲೆಗಳಲ್ಲಿರುವ ಅಕ್ಷರಗಳೂ ಅಂಕಿಗಳೂ ವರ್ಷ, ತಿಂಗಳು, ದಿನಗಳನ್ನು ಹೇಳುತ್ತವೆ. ಆದರೆ ಅಕ್ಷರವನ್ನಷ್ಟೇ ಓದಿ, ಅದರ ಸ್ಥಾನವನ್ನು ಗಮನಿಸದವನು ಮೋಸಹೋಗುತ್ತಾನೆ. ‘ಎ’ ಎಂಬ ಅಕ್ಷರ ವೃತ್ತದ ಕೆಳಗೆ ಮೇಲ್ಮೂಲೆಯಲ್ಲಿದ್ದರೆ 1845. ಅದೇ ಅಕ್ಷರ ಬಲಮೂಲೆಯಲ್ಲಿದ್ದರೆ 1871. ಒಂದೇ ಅಕ್ಷರಕ್ಕೆ 26 ವರ್ಷಗಳ ಅಂತರ! 1884ರಿಂದೀಚೆಗೆ ಈ ವಜ್ರದ ಬದಲು ಬರಿಯ ಕ್ರಮಸಂಖ್ಯೆ ಬಂದಿತು. ಹಳೆಯ ನೋಂದಣಿ ಪುಸ್ತಕಗಳನ್ನು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಫ್ತರಖಾನೆಯಲ್ಲಿ ಕಾಪಾಡಿದ್ದಾರೆ. ನೋಂದಾಯಿಸಿದವರ ಹೆಸರನ್ನು ಅಲ್ಲಿ ಹುಡುಕಬಹುದು.

ಜರ್ಮನಿಯ ತಿರುಪುಗಳ ಮೇಲೆ ‘ಡಿ. ಆರ್. ಜಿ. ಎಂ.’ ಎಂಬ ನಾಲ್ಕಕ್ಷರಗಳು ಕಂಡರೆ ಅವು 1891ಕ್ಕಿಂತ ಹಿಂದಿನವಲ್ಲ; ಆ ಬಗೆಯ ನೋಂದಣಿ ಆರಂಭವಾದುದೇ ಆ ವರ್ಷ. ರೂಪವನ್ನು ಮಾತ್ರ ನಂಬುವುದು ಇನ್ನೂ ಅಪಾಯಕರ. ಕಿಸೆಯಲ್ಲಿ ಮಡಿಸಿಡುವ ಸನ್ನೆಯ ತಿರುಪಿಗೆ ರಾಸ್ಟಾಕ್ ನಗರದ ಕಾರ್ಲ್ ವೀಂಕೆ ಪೇಟೆಂಟನ್ನು ಪಡೆದುದು 1882ರಲ್ಲಿ. ಅದೇ ಮಾದರಿ ಇಂದಿಗೂ ಹೋಟೆಲುಗಳಲ್ಲಿ ನಡೆಯುತ್ತಿದೆ.

ಗುರುತುಗಳನ್ನು ಓದಿಯಾದ ಮೇಲೆ ವಸ್ತುವಿನ ಮೈಯನ್ನು ಓದಬೇಕು. ಬೆರಳು ತಾಗುವ ಕಡೆಗಳಲ್ಲಿ ಸವೆತವಿದೆಯೇ? ಹಿಡಿಯೂ ದಂಡವೂ ಒಂದೇ ವಯಸ್ಸಿನವಾಗಿ ಕಾಣುತ್ತವೆಯೇ, ಅಥವಾ ಮುರಿದ ಸುರುಳಿಗೆ ಹೊಸದನ್ನು ಬೆಸೆದಿದ್ದಾರೆಯೇ? ಇವು ಮುಗಿಯುವ ಮುನ್ನ ಹುಣಿಸೆಹಣ್ಣು ಹಚ್ಚಿ ಹಿತ್ತಾಳೆಯನ್ನು ಬೆಳಗಲು ಹೊರಡಬಾರದು. ಹೊಳಪಿನೊಡನೆ ಸಾಕ್ಷ್ಯವೂ ತೊಳೆದುಹೋದೀತು.

ಇಷ್ಟೆಲ್ಲ ಪರೀಕ್ಷಿಸಿದರೂ ಹಲವು ವೇಳೆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ಅದರಿಂದ ಮನಗುಂದಬೇಕಾದುದಿಲ್ಲ. ‘ಥಾಮಸನ್ನನ ಮಾದರಿ; 1802ಕ್ಕೆ ಈಚಿನದು; ತಯಾರಕನು ತಿಳಿಯದು’ ಎಂದು ಚೀಟಿ ಬರೆದು ಕಟ್ಟಿದರೆ ವಸ್ತುವಿಗೆ ಯಾವ ಕುಂದೂ ಬರಲಾರದು. ಮುಂದೆ ಅದನ್ನು ಪರೀಕ್ಷಿಸುವವನಿಗೆ ನಾವು ಬಿಟ್ಟುಹೋಗಬೇಕಾದುದು ಅಂಥ ಪ್ರಾಮಾಣಿಕವಾದ ಚೀಟಿಯನ್ನು.