ಮಧ್ಯಾಹ್ನದೊಳಗೆ ಹಟ್ ಸೇರಬೇಕು: ಆಲ್ಪ್ಸ್ ವಸಂತದ ಸ್ಕೀ ದಾರಿಗಳ ಕಥೆ

ಭಾಗ 1

ಸ್ಕೀ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ಗುಲ್ಮಾರ್ಗ್‌ನ ಗೊಂಡೋಲಾ, ಔಲಿಯ ರೋಪ್‌ವೇ, ಬಾಡಿಗೆ ಜಾಕೆಟ್ಟು. ಯಂತ್ರ ಮೇಲೆ ಹತ್ತಿಸುತ್ತೆ, ನಾವು ಕೆಳಗೆ ಜಾರ್ತೀವಿ, ಅಷ್ಟೇ.

ಇಲ್ಲಿ ಹೇಳಹೊರಟಿರೋದು ಅದಲ್ಲ. ರೋಪ್‌ವೇ ಇಲ್ಲದ ಬೆಟ್ಟವನ್ನ ನಾಲ್ಕೈದು ಗೆಳೆಯರು ಕಾಲಿಗೆ ಸ್ಕೀ ಕಟ್ಟಿಕೊಂಡೇ ಹತ್ತಿ, ಆಚೆ ಇಳಿದು, ಇನ್ನೊಂದು ಬೆಟ್ಟದ ಹಟ್‌ನಲ್ಲಿ ಮಲಗಿ, ಮರುದಿನ ಮತ್ತೆ ಹೊರಡೋದು. ಇದಕ್ಕೆ ಸ್ಕೀ ಟೂರಿಂಗ್ ಅಂತಾರೆ. ಆಲ್ಪ್ಸ್‌ನ ಎತ್ತರದ ಹಿಮನದಿಗಳಲ್ಲಿ ಇದರ ದೊಡ್ಡ ಸೀಸನ್ನು ಮಾರ್ಚ್ ಕೊನೆಯಿಂದ ಮೇ ಮೊದಲ ವಾರಗಳವರೆಗೆ. ನಮಗೆ ಯುಗಾದಿ ಕಳೆದು ಮಾವಿನಕಾಯಿ ಚಿತ್ರಾನ್ನ ಮಾಡೋ ಕಾಲ.

ಹಿಮ ಕರಗೋಕೆ ಶುರುವಾದ ಮೇಲೆ ಹಿಮದ ಮೇಲೆ ಯಾಕೆ ಹೋಗ್ತಾರೆ? ಉತ್ತರ ಒಂದೇ ದಿನದಲ್ಲಿ ಸಿಗಲಿಲ್ಲ. ಪುಕ್ಕಟೆಯಾಗೂ ಸಿಗಲಿಲ್ಲ.

ಭಾಗ 2

ನಾರ್ವೆಯವರಿಗೆ ಸ್ಕೀ ಸಾವಿರಾರು ವರ್ಷದ ಹಳೇ ವಿಷಯ. ಆಲ್ಪ್ಸ್‌ನವರಿಗೆ ಹೊಸದು. 1888ರಲ್ಲಿ ಫ್ರಿಟ್ಯೋಫ್ ನಾನ್ಸೆನ್ ಸ್ಕೀ ಮೇಲೆ ಗ್ರೀನ್‌ಲ್ಯಾಂಡ್ ದಾಟಿದ. ಆ ಕಥೆ ಪುಸ್ತಕವಾಗಿ ಬಂದಮೇಲೆ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ನಲ್ಲಿ ಓದಿದವರಿಗೆಲ್ಲ ಹುಚ್ಚು ಹಿಡೀತು.

ದಾವೋಸ್ ಊರಿನ ಅಣ್ಣತಮ್ಮಂದಿರು ಟೋಬಿಯಾಸ್ ಮತ್ತು ಯೋಹಾನೆಸ್ ಬ್ರಾಂಗರ್ ತಾವೇ ಬಿದ್ದು ಎದ್ದು ಸ್ಕೀ ಕಲಿತರು. 1893ರಲ್ಲಿ ಪಕ್ಕದ ಅರೋಸಾ ಊರಿಗೆ ಬೆಟ್ಟ ದಾಟಿ ಹೋಗಿಯೂ ಬಂದರು. ಮರುವರ್ಷ, 1894ರ ಮಾರ್ಚ್ 23ಕ್ಕೆ, ಅವರ ಜೊತೆ ಒಬ್ಬ ದಪ್ಪ ಮೀಸೆಯ ಇಂಗ್ಲಿಷ್ ಬರಹಗಾರ ಹೊರಟ. ಕ್ಷಯರೋಗದ ಹೆಂಡತಿಗೆ ಒಳ್ಳೆ ಗಾಳಿ ಸಿಗಲಿ ಅಂತ ದಾವೋಸ್‌ಗೆ ಬಂದಿದ್ದವನು. ಮೂರು ತಿಂಗಳ ಹಿಂದಷ್ಟೇ ತನ್ನ ಷರ್ಲಾಕ್ ಹೋಮ್ಸ್‌ನನ್ನ ಇದೇ ಸ್ವಿಟ್ಜರ್ಲೆಂಡ್‌ನ ಜಲಪಾತದಲ್ಲಿ ಮುಗಿಸಿ ಕೈತೊಳೆದುಕೊಂಡಿದ್ದ. ಹೌದು, ಆರ್ಥರ್ ಕಾನನ್ ಡಾಯ್ಲ್!

ಮೂವರೂ ಸೂರ್ಯ ಹುಟ್ಟೋ ಮೊದಲೇ ಹೊರಟರು. ಸುಮಾರು 2,440 ಮೀಟರ್ ಎತ್ತರದ ಮೈಯೆನ್‌ಫೆಲ್ಡರ್ ಫುರ್ಕಾ ಪಾಸ್ ದಾಟಿದರು. ಕಡಿದಾದ ಇಳಿಜಾರಿನಲ್ಲಿ ಡಾಯ್ಲ್ ಸ್ಕೀ ಕೈತಪ್ಪಿ ಕೆಳಗೆ ಓಡಿಹೋಯ್ತು. ಪಾಪ, ಉಳಿದ ದಾರಿಯನ್ನ ಪ್ಯಾಂಟಿನ ಮೇಲೆ ಕೂತೇ ಜಾರಿದ. ಹ್ಯಾರಿಸ್ ಟ್ವೀಡ್ ಬಟ್ಟೆ ಸವೆಯೋದೇ ಇಲ್ಲ ಅಂತ ದರ್ಜಿ ಕೊಟ್ಟಿದ್ದ ಮಾತು ಅವತ್ತು ಸುಳ್ಳಾಯ್ತು ಅಂತ ಆಮೇಲೆ ತಾನೇ ಬರೆದುಕೊಂಡ. ಅರೋಸಾ ಹೋಟೆಲ್ ರಿಜಿಸ್ಟರಲ್ಲಿ ಅವನ ಹೆಸರಿನ ಮುಂದೆ ಟೋಬಿಯಾಸ್ ತುಂಬಿದ್ದು 'ಕ್ರೀಡಾಪಟು' ಅಂತ!

ಆ ವರ್ಷದ ಡಿಸೆಂಬರ್‌ನಲ್ಲಿ ಸ್ಟ್ರ್ಯಾಂಡ್ ಮ್ಯಾಗಜಿನ್‌ನಲ್ಲಿ ಲೇಖನ ಬಂತು. ಹೆಸರು ಡಾಯ್ಲ್‌ಗೆ ಹೋಯ್ತು. ನನ್ನ ಪ್ರಕಾರ ಲೆಕ್ಕಕ್ಕೆ ಬರೋದು ಬ್ರಾಂಗರ್ ಸಹೋದರರು. ಕತ್ತಲಲ್ಲಿ ಹೊರಟು ಊಟದ ಹೊತ್ತಿಗೆ ಮುಗಿಸಬೇಕು ಅನ್ನೋ ಬುದ್ಧಿ ಅವರಿಗಾಗಲೇ ಇತ್ತು.

ಅಂದಹಾಗೆ, ಸ್ಕೀ ಕಟ್ಟಿಕೊಂಡು ಮೇಲೆ ಹತ್ತೋದು ಹೇಗೆ ಅಂತೀರಾ? ಸ್ಕೀ ತಳಕ್ಕೆ ಸೀಲ್ ಪ್ರಾಣಿಯ ಚರ್ಮದ ಪಟ್ಟಿ ಕಟ್ತಾ ಇದ್ದರು. ಎಮ್ಮೆಕರುವಿನ ಬೆನ್ನ ಮೇಲೆ ಕೈಯಾಡಿಸಿ ನೋಡಿ, ರೋಮ ಮಲಗಿದ ಕಡೆಗೆ ನಯ, ಎದುರು ಕಡೆಗೆ ತಡೆ. ಅದೇ ತತ್ವ. ಮುಂದಕ್ಕೆ ಜಾರುತ್ತೆ, ಹಿಂದಕ್ಕೆ ಜಾರಲ್ಲ. ಈಗ ಮೊಹೇರ್, ನೈಲಾನ್ ಪಟ್ಟಿ ಬಂದಿವೆ. ಫ್ರೆಂಚರು ಇವತ್ತಿಗೂ ಅದನ್ನ 'ಸೀಲ್ ಚರ್ಮ' ಅಂತಲೇ ಕರೀತಾರೆ.

ಭಾಗ 3

1897ರ ಜನವರಿ. ವಿಲ್ಹೆಲ್ಮ್ ಪೌಲ್ಕೆ ಅನ್ನೋ ಜರ್ಮನ್ ಯುವಕ ನಾಲ್ವರು ಗೆಳೆಯರ ಜೊತೆ ಗ್ರಿಮ್ಸೆಲ್‌ನಿಂದ ಬೆಲಾಲ್ಪ್‌ವರೆಗೆ ಬರ್ನೀಸ್ ಓಬರ್‌ಲ್ಯಾಂಡ್‌ನ ಹಿಮನದಿಗಳನ್ನ ಸ್ಕೀ ಮೇಲೆ ದಾಟಿದ. ದೊಡ್ಡ ಹಿಮನದಿಗಳ ಮೇಲೆ ಹಟ್‌ನಿಂದ ಹಟ್‌ಗೆ ಹೋಗೋ ಸ್ಕೀ ಪ್ರವಾಸಗಳೆಲ್ಲ ಈ ಐದು ಜನರ ಜಾಡಿನಲ್ಲೇ ಬಂದವು.

ಎರಡು ವರ್ಷ ಆಯ್ತು. 1899ರಲ್ಲಿ ಆ ಐವರಲ್ಲಿ ಇಬ್ಬರು, ಏಲರ್ಟ್ ಮತ್ತು ಮ್ಯೋನಿಕ್ಸ್, ಸುಸ್ಟೆನ್ ಪಾಸ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು.

ಪೌಲ್ಕೆ ಮುಂದೆ ಭೂವಿಜ್ಞಾನದ ಪ್ರೊಫೆಸರ್ ಆದ. ಹಿಮದ ಪದರಗಳು ಹೇಗೆ ಕೂಡ್ತವೆ, ಹೇಗೆ ಬಿಟ್ಟುಹೋಗ್ತವೆ ಅಂತ ಜೀವಮಾನ ಪೂರ್ತಿ ನೋಡಿದ. 1938ರಲ್ಲಿ ಹಿಮ ಮತ್ತು ಹಿಮಕುಸಿತದ ಬಗ್ಗೆ ಕೈಪಿಡಿಯನ್ನೇ ಬರೆದ. ಗೆಳೆಯರ ಸಾವೇ ಇದಕ್ಕೆ ಕಾರಣ ಅಂತ ಕಥೆ ಕಟ್ಟೋದು ಸುಲಭ, ನಾನು ಕಟ್ಟಲ್ಲ. ಎರಡೂ ಒಂದೇ ಬದುಕಿನಲ್ಲಿ ನಡೆದವು, ಅಷ್ಟು ಸಾಕು.

ಭಾಗ 4

ಈಗ ಎಲ್ಲಕ್ಕಿಂತ ಹೆಸರುವಾಸಿ ದಾರಿಗೆ ಬರೋಣ. ಫ್ರಾನ್ಸ್‌ನ ಶಾಮೊನಿಯಿಂದ ಸ್ವಿಟ್ಜರ್ಲೆಂಡ್‌ನ ಝೆರ್ಮಾಟ್‌ವರೆಗೆ, ಮೊಂ ಬ್ಲಾಂ ಬುಡದಿಂದ ಮ್ಯಾಟರ್‌ಹಾರ್ನ್ ಬುಡದವರೆಗೆ. 1860ರ ದಶಕದಲ್ಲಿ ಇಂಗ್ಲಿಷ್ ಆಲ್ಪೈನ್ ಕ್ಲಬ್‌ನವರು ಬೇಸಿಗೆಯಲ್ಲಿ ನಡೆದು ಹುಡುಕಿದ ದಾರಿ ಇದು. 'ಎತ್ತರದ ದಾರಿ' ಅಂತ ಹೆಸರಿಟ್ಟರು. ಅದು ಫ್ರೆಂಚ್‌ಗೆ ಹೋಗಿ 'ಓತ್ ರೂತ್' ಆಯ್ತು, ಕೊನೆಗೆ ಅದೇ ನಿಂತಿತು.

ಚಳಿಗಾಲದಲ್ಲಿ ಸ್ಕೀ ಹಾಕಿ ಇದನ್ನ ಮೊದಲು ಕೆಣಕಿದ್ದು ಶಾಮೊನಿಯ ಡಾಕ್ಟರ್ ಮಿಶೆಲ್ ಪಾಯೊ. ಕಣಿವೆಯ ರೋಗಿಗಳನ್ನ ನೋಡೋಕೆ ಸ್ಕೀ ಮೇಲೇ ಹೋಗ್ತಿದ್ದ ಮನುಷ್ಯ. 1903ರ ಜನವರಿಯಲ್ಲಿ ಕೂತೆ, ರಾವನೆಲ್, ಸಿಮೋಂ ಅನ್ನೋ ಊರಿನ ಗೈಡ್‌ಗಳ ಜೊತೆ ಹೊರಟ. 1911ರ ಜನವರಿಯಲ್ಲಿ ಪ್ರೊಫೆಸರ್ ರೋಜೆ ಮತ್ತು ಮಾರ್ಸೆಲ್ ಕುರ್ಟ್ಸ್, ಗೈಡ್‌ಗಳ ಜೊತೆ ಬೂರ್ ಸೇಂ ಪಿಯರ್‌ನಿಂದ ಝೆರ್ಮಾಟ್‌ವರೆಗೆ ಎತ್ತರದಲ್ಲೇ ಸ್ಕೀ ದಾರಿ ಹಾಕಿದರು.

ತಿಂಗಳು ಗಮನಿಸಿದ್ರಾ? 1897 ಜನವರಿ, 1903 ಜನವರಿ, 1911 ಜನವರಿ. ಇವತ್ತು ಓತ್ ರೂತ್ ಹೋಗೋರು ಏಪ್ರಿಲ್‌ನಲ್ಲಿ ಹೋಗ್ತಾರೆ. ಜನವರಿಯಲ್ಲಿ ಹಗಲು ಚಿಕ್ಕದು, ಚಳಿ ಕೊಲ್ಲೋ ಅಂಥದ್ದು, ಮೇಲಿನ ಹಟ್‌ಗಳಲ್ಲಿ ಒಲೆ ಹಚ್ಚೋರಿಲ್ಲ. ಹಿಮನದಿಯ ಬಿರುಕುಗಳ ಮೇಲೆ ಹಿಮದ ಸೇತುವೆ ಇನ್ನೂ ದಪ್ಪಗಾಗಿರಲ್ಲ. ಏಪ್ರಿಲ್ ಹೊತ್ತಿಗೆ ಇಡೀ ಚಳಿಗಾಲದ ಹಿಮ ಬಿದ್ದು, ಕೂತು, ಬಿಗಿಯಾಗಿರುತ್ತೆ.

ಇದು ಅರ್ಧ ಉತ್ತರ. ಇನ್ನರ್ಧ ಗಡಿಯಾರದಲ್ಲಿದೆ.

ಭಾಗ 5

ನಮ್ಮೂರಲ್ಲೂ ಗೊತ್ತಿರೋ ವಿಷಯದಿಂದ ಶುರುಮಾಡ್ತೀನಿ. ಮಾಗಿಯಲ್ಲಿ ಆಕಾಶ ತಿಳಿಯಾಗಿದ್ದ ರಾತ್ರಿ ಚಳಿ ಜಾಸ್ತಿ, ಮೋಡ ಮುಚ್ಚಿದ ರಾತ್ರಿ ಕಡಿಮೆ, ಅಲ್ವಾ? ನೆಲದ ಬಿಸಿಯನ್ನ ಮೋಡ ಕಂಬಳಿ ಹಾಗೆ ತಡೆದಿಡುತ್ತೆ. ಆಲ್ಪ್ಸ್‌ನಲ್ಲೂ ಅಷ್ಟೇ. ವಸಂತದಲ್ಲಿ ತಿಳಿ ಆಕಾಶದ ರಾತ್ರಿ ಹಿಮದ ಮೇಲ್ಪದರ ಕಲ್ಲಿನ ಹಾಗೆ ಗಟ್ಟಿಯಾಗುತ್ತೆ. ಬೆಳಗಿನ ಬಿಸಿಲಿಗೆ ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ಸಡಿಲವಾಗಿ ಸಬ್ಬಕ್ಕಿ ಕಾಳಿನಂತಾಗುತ್ತೆ. ಕೆಳಗೆ ಗಟ್ಟಿ, ಮೇಲೆ ಸಬ್ಬಕ್ಕಿ. ಸ್ಕೀ ಮಾಡೋರಿಗೆ ಇದಕ್ಕಿಂತ ಸ್ವರ್ಗ ಇಲ್ಲ.

ಅದು ಇರೋದು ಒಂದೆರಡು ಗಂಟೆ. ಆಮೇಲೆ ನೀರು ಒಳಗಿಳಿಯುತ್ತೆ, ಕಾಳು ಕಾಳಿನ ನಡುವಿನ ಹಿಡಿತ ಬಿಡುತ್ತೆ. ಬೆಳಿಗ್ಗೆ ಕಬ್ಬಿಣದ ಹಾಗಿದ್ದ ಇಳಿಜಾರು ಮಧ್ಯಾಹ್ನಕ್ಕೆ ಒದ್ದೆ ಹಿಮಕುಸಿತದ ಜಾಗ. ಮೊದಲು ಬಿಸಿಲು ಬೀಳೋ ಪೂರ್ವದ ಮುಖ ಮೊದಲು ಸಡಿಲಾಗುತ್ತೆ, ಆಮೇಲೆ ದಕ್ಷಿಣ, ಆಮೇಲೆ ಪಶ್ಚಿಮ. ರಾತ್ರಿ ಮೋಡ ಇದ್ದು ಹಿಮ ಗಟ್ಟಿಯಾಗದೇ ಹೋದರೆ ಬೆಳಿಗ್ಗೆಯೇ ಅಪಾಯ. ಅದಕ್ಕೇ ಹಟ್‌ಗಳಲ್ಲಿ ನಾಲ್ಕು ಗಂಟೆಗೆ ಎದ್ದು, ಹಣೆಗೆ ದೀಪ ಕಟ್ಟಿಕೊಂಡು ಹೊರಡೋದು.

ಇದನ್ನ ಕುಳಿತು ಲೆಕ್ಕ ಹಾಕಿದವರು ಎಲ್ಲಿಯವರು ಗೊತ್ತಾ? ಡಾಯ್ಲ್ ಹೊರಟ ಅದೇ ದಾವೋಸ್‌ನವರು! 1936ರಲ್ಲಿ ಊರಿನ ಮೇಲಿನ ವೈಸ್‌ಫ್ಲುಯೋಕ್‌ನಲ್ಲಿ ಹಿಮದ ಪ್ರಯೋಗಾಲಯ ಶುರುವಾಯ್ತು. 1942ರಲ್ಲಿ ಅದು ಸಂಸ್ಥೆಯಾಯ್ತು, 1945ರಿಂದ ಸಾರ್ವಜನಿಕರಿಗೆ ಹಿಮಕುಸಿತದ ಬುಲೆಟಿನ್ ಕೊಡತೊಡಗಿತು. 1993ರಲ್ಲಿ ಯುರೋಪಿನ ದೇಶಗಳು ಅಪಾಯಕ್ಕೆ 1ರಿಂದ 5ರವರೆಗೆ ಒಂದೇ ಅಳತೆ ಒಪ್ಪಿಕೊಂಡವು.

ಇನ್ನೊಂದು ಲೆಕ್ಕ ಇದೆ. ಗೆಳೆಯರ ಜೊತೆ ಬೆಟ್ಟಕ್ಕೆ ಹೋಗೋರು ಇದನ್ನ ಓದಲೇಬೇಕು. ಹಿಮದಡಿ ಪೂರ್ತಿ ಹೂತುಹೋದವರ ಸ್ವಿಸ್ ದಾಖಲೆ ನೋಡಿ 1994ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು: 15 ನಿಮಿಷದೊಳಗೆ ತೆಗೆದರೆ 100ರಲ್ಲಿ 90ಕ್ಕೂ ಹೆಚ್ಚು ಜನ ಬದುಕ್ತಾರೆ. 35 ನಿಮಿಷ ಆದರೆ 30ರ ಆಸುಪಾಸು. ಹೆಲಿಕಾಪ್ಟರ್ ಎಷ್ಟೇ ಬೇಗ ಹೊರಟರೂ ಮೊದಲ 15 ನಿಮಿಷ ನಿಮ್ಮ ಜೊತೆಗಿರೋರದ್ದೇ. ಎದೆಗೆ ಕಟ್ಟಿದ ಸಿಗ್ನಲ್ ಯಂತ್ರ, ಹಿಮ ಚುಚ್ಚಿ ನೋಡೋ ಉದ್ದ ಕಡ್ಡಿ, ಸಲಿಕೆ. ನಿಮ್ಮ ಚೀಲದಲ್ಲಿರೋ ಸಲಿಕೆ ನಿಮಗಲ್ಲ, ನಿಮ್ಮ ಗೆಳೆಯನಿಗೆ. ನಿಮ್ಮದು ಅವನ ಚೀಲದಲ್ಲಿದೆ.

ಭಾಗ 6

ಎರಡನೇ ಮಹಾಯುದ್ಧದ ಕಾಲ. ಸುತ್ತಲೂ ಯುದ್ಧ, ನಡುವೆ ಸ್ವಿಟ್ಜರ್ಲೆಂಡ್. ಬೆಟ್ಟದ ಗಡಿ ಕಾಯೋ ಸೈನಿಕರ ತಾಕತ್ತು ನೋಡೋಕೆ ರೊಡೋಲ್ಫ್ ತಿಸಿಯೇರ್ ಮತ್ತು ರೋಜೆ ಬೋಂವಿನ್ ಅನ್ನೋ ಇಬ್ಬರು ಕ್ಯಾಪ್ಟನ್‌ಗಳು ಒಂದು ಸ್ಪರ್ಧೆ ಹೂಡಿದರು. ಝೆರ್ಮಾಟ್‌ನಿಂದ ವೆರ್ಬಿಯೇವರೆಗೆ, ಜನ ಹಲವು ದಿನ ತಗೊಳ್ಳೋ ದಾರಿಯನ್ನ ಒಂದೇ ಓಟದಲ್ಲಿ. 'ಹಿಮನದಿಗಳ ಗಸ್ತು' ಅಂತ ಅದರ ಹೆಸರು. ಮೊದಲ ಸಲ ನಡೆದದ್ದು 1943ರ ಏಪ್ರಿಲ್‌ನಲ್ಲಿ. (ಈ ಬೋಂವಿನ್ ಆಮೇಲೆ ದೇಶದ ಅಧ್ಯಕ್ಷನೂ ಆದ.)

ನಿಯಮ ಒಂದು ಚೆನ್ನಾಗಿತ್ತು. ತಂಡ ಅಂದರೆ ಮೂರು ಜನ. ಒಬ್ಬ ಗಟ್ಟಿಗ ಮುಂದೆ ಓಡಿ ಗೆಲ್ಲೋ ಹಾಗಿಲ್ಲ, ಮೂವರೂ ಒಟ್ಟಿಗೆ ಮುಟ್ಟಬೇಕು. 1949ರಲ್ಲಿ ಒಂದು ತಂಡದ ಮೂವರೂ ಮೊಂ ಮಿನೆ ಹಿಮನದಿಯ ಬಿರುಕಿನೊಳಗೆ ಬಿದ್ದು ಸತ್ತರು. ಸರ್ಕಾರ ಸ್ಪರ್ಧೆಯನ್ನೇ ನಿಷೇಧಿಸಿತು. ಮತ್ತೆ ಶುರುವಾಗಿದ್ದು 1984ರಲ್ಲಿ, ಅಂದರೆ 35 ವರ್ಷ ಬಿಟ್ಟು. ಈಗಲೂ ತಂಡಕ್ಕೆ ಮೂವರೇ.

ಭಾಗ 7

ಇಷ್ಟೆಲ್ಲ ಕಲಿತಮೇಲೆ ಎಲ್ಲ ಸರಿಹೋಯ್ತಾ? ಇಲ್ಲ.

2018ರ ಏಪ್ರಿಲ್ 29. ಓತ್ ರೂತ್ ದಾರಿಯಲ್ಲಿ ಪಿನ್ಯ್ ದಾರೋಲಾ ಶಿಖರದ ಹತ್ತಿರ ಎರಡು ಗುಂಪಿನ ಒಟ್ಟು 14 ಜನ ಬಿರುಗಾಳಿಗೆ ಸಿಕ್ಕರು. ಹವಾಮಾನ ಕೆಡುತ್ತೆ ಅನ್ನೋ ಮುನ್ಸೂಚನೆ ಇತ್ತು. ಕೈ ಚಾಚಿದರೆ ಕೈ ಕಾಣದ ಬಿಳಿ. ರಾತ್ರಿ ಪೂರ್ತಿ ಬಯಲಲ್ಲೇ ಕಳೆದರು. 3,157 ಮೀಟರ್ ಎತ್ತರದ ವಿನ್ಯೆಟ್ ಹಟ್, ಅದರ ಬಿಸಿ ಸೂಪು, ಕಂಬಳಿ, ಎಲ್ಲ ಅವರಿಂದ ಕೆಲವೇ ನೂರು ಮೀಟರ್ ದೂರ ಇತ್ತು. ಬೆಳಿಗ್ಗೆ ಸಹಾಯ ಬಂದರೂ ಏಳು ಜನ ಉಳಿಯಲಿಲ್ಲ. ಹೆಚ್ಚಿನವರನ್ನ ಕೊಂದದ್ದು ಚಳಿ. ಹಿಮಕುಸಿತವೂ ಅಲ್ಲ, ಬಿರುಕೂ ಅಲ್ಲ.

ಸುದ್ದಿ ಬಂದಾಗ ಬೇಕಾದಷ್ಟು ಜನ 'ನಾವಾಗಿದ್ರೆ ವಾಪಸ್ ಬರ್ತಿದ್ವಿ' ಅಂದರು. ಆ ಮಾತು ನನಗೆ ಹಿಡಿಸಲ್ಲ. ಓತ್ ರೂತ್‌ನ ಸ್ವಭಾವ ನೋಡಿ: ಆರೇಳು ದಿನದ ರಜೆ, ಮುಂಚೆಯೇ ಬುಕ್ ಮಾಡಿದ ಹಟ್, ಒಂದೊಂದು ಹಟ್‌ಗೆ ಒಂದೊಂದು ದಿನ. ಒಂದು ದಿನ ಕೂತರೆ ಮುಂದಿನ ಬುಕಿಂಗ್ ಎಲ್ಲ ಹೋಯ್ತು. ಐದು ಜನರಲ್ಲಿ ನಾಲ್ವರಿಗೆ ಹೋಗೋ ಆಸೆ ಇದ್ದಾಗ ಐದನೆಯವರು 'ಇವತ್ತು ಬೇಡ' ಅಂತ ಬಾಯಿ ಬಿಡೋದು ಎಷ್ಟು ಕಷ್ಟ ಅಂತ ಗೆಳೆಯರ ಜೊತೆ ಎಲ್ಲಿಗಾದರೂ ಹೋದವರಿಗೆ ಗೊತ್ತು. ಇಲ್ಲಿ ಆ ಮಾತು ಹೇಳೋದೂ ಸಲಿಕೆ ಹೊರೋ ಥರದ್ದೇ ಕೆಲಸ.

ಭಾಗ 8

ಕೊನೆಗೆ ಒಂದು ಜಾಗ. ಪೌಲ್ಕೆ ಮತ್ತವನ ಗೆಳೆಯರು 1897ರಲ್ಲಿ ದಾಟಿದ ಅಲೆಟ್ಶ್ ಹಿಮನದಿಯ ದಂಡೆಯಲ್ಲಿ ಕೊಂಕೋರ್ಡಿಯಾ ಅನ್ನೋ ಹಟ್ ಇದೆ. 1877ರಲ್ಲಿ ಕಟ್ಟಿದಾಗ ಅದು ಹಿಮನದಿಯಿಂದ ಸುಮಾರು 50 ಮೀಟರ್ ಮೇಲಿತ್ತು. ಹಿಮನದಿ ಕರಗಿ ಕುಸೀತಾ ಹೋಯ್ತು, ಹಟ್ ಇದ್ದಲ್ಲೇ ಬಂಡೆ ಮೇಲೆ ಉಳೀತು. 2022 ಮತ್ತು 2023, ಎರಡೇ ವರ್ಷದಲ್ಲಿ ಸ್ವಿಟ್ಜರ್ಲೆಂಡ್‌ನ ಹಿಮನದಿಗಳು ತಮ್ಮ ಗಾತ್ರದ ಸುಮಾರು ಶೇ. 10ರಷ್ಟು ಕಳಕೊಂಡವು.

ಈಗ ಬಂಡೆಗೆ ಕಬ್ಬಿಣದ ಮೆಟ್ಟಿಲು ಜೋಡಿಸಿದ್ದಾರೆ. ನಾನೂರಕ್ಕೂ ಹೆಚ್ಚು. ದಿನವಿಡೀ ಹಿಮದ ಮೇಲೆ ನಡೆದು ಬಂದವರು ಬುಡದಲ್ಲಿ ಸ್ಕೀ ಬಿಚ್ಚಿ, ಚೀಲಕ್ಕೆ ಕಟ್ಟಿ, ಒಬ್ಬರ ಹಿಂದೆ ಒಬ್ಬರು ಅದನ್ನ ಹತ್ತಿಕೊಂಡು ಹೋಗ್ತಾರೆ, ರಾತ್ರಿ ಊಟಕ್ಕೆ.

#ಇತಿಹಾಸ #ಆಲ್ಪ್ಸ್ #ಸ್ಕೀಟೂರಿಂಗ್ #ಕನ್ನಡ