ಚೈನ್‌ಸಾ ಕೊಳ್ಳುವ ಮುನ್ನ: ಎಂಜಿನ್ನಿಗೆ ತಕ್ಕ ಬಾರ್ ಯಾವುದು?

ಬಾಗಲಕೋಟೆ: ಕೊಡಲಿ ಹಾಗೂ ಇಬ್ಬರು ಹಿಡಿದು ಎಳೆಯುವ ಗರಗಸ ಮಾಡುತ್ತಿದ್ದ ಕೆಲಸವನ್ನು ಇಂದು ಪೆಟ್ರೋಲ್ ಚಾಲಿತ ಚೈನ್‌ಸಾ ಮಾಡುತ್ತಿದೆ. ಹುನಗುಂದದ ಎರೆ ಹೊಲಗಳ ಬದುವಿನಲ್ಲಿ ಬೆಳೆದ ಜಾಲಿ, ಮಲಪ್ರಭಾ ದಂಡೆಯ ಹುಣಸೆ, ಊರೊಳಗಿನ ಹಳೆಯ ಬೇವು ಇವೆಲ್ಲಕ್ಕೂ ಜನ ಕರೆಸುವುದು ‘ಮಷಿನ್’ ಇಟ್ಟುಕೊಂಡವನನ್ನೇ. ಸ್ವಂತ ಯಂತ್ರ ಕೊಂಡು ಇದನ್ನೇ ವೃತ್ತಿ ಮಾಡಿಕೊಳ್ಳಬಯಸುವವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಬಾರ್ ಎಷ್ಟು ಇಂಚಿನದು?’ ಎಂಬುದು. ಆದರೆ ಮೊದಲು ಕೇಳಬೇಕಾದದ್ದು ಎಂಜಿನ್ನಿನ ಶಕ್ತಿ. ಬಾರ್‌ನ ಮಾತು ಆಮೇಲಿನದು. ನಮ್ಮ ಬಯಲುಸೀಮೆಯ ಗಟ್ಟಿ ಮರಗಳ ಮಟ್ಟಿಗಂತೂ ಯಂತ್ರ ಹೊರಬಲ್ಲ ಗರಿಷ್ಠ ಉದ್ದಕ್ಕಿಂತ ಒಂದು ಅಳತೆ ಕಡಿಮೆಯ ಬಾರ್ ಹಾಕುವುದೇ ಲೇಸು.

ಇಳಕಲ್ಲಿನ ಕೆಂಪು ಗ್ರಾನೈಟ್ ಗಣಿಗಳಲ್ಲಿ ವಜ್ರದ ಮಣಿ ಪೋಣಿಸಿದ ತಂತಿಯಿಂದ ಬಂಡೆ ಕೊಯ್ಯುವ ಯಂತ್ರವೂ ಉಂಟು. ಇಲ್ಲಿ ಚರ್ಚಿಸುತ್ತಿರುವುದು ಮರ ಕೊಯ್ಯುವ ಯಂತ್ರವನ್ನು ಮಾತ್ರ.

ಮರದ ಗುಣ

ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚಾಗಿ ಕೊಯ್ಯುವ ಪೈನ್ ಮರ ಒಣಗಿದಾಗ ಘನ ಮೀಟರ್‌ಗೆ ಸುಮಾರು 500 ಕಿಲೋ ತೂಗುತ್ತದೆ. ನಮ್ಮ ಬಳ್ಳಾರಿ ಜಾಲಿ 800 ಕಿಲೋದ ಆಸುಪಾಸಿನಲ್ಲಿದ್ದರೆ, ಹುಣಸೆ 900 ಕಿಲೋ ಮೀರುವುದುಂಟು. ಕಂಪನಿಯ ಪುಸ್ತಿಕೆಯಲ್ಲಿ ‘ಗರಿಷ್ಠ 25 ಇಂಚು’ ಎಂದಿದ್ದರೆ ಅಷ್ಟು ಉದ್ದದ ಚೈನನ್ನು ಯಂತ್ರ ತಿರುಗಿಸಬಲ್ಲದು ಎಂದು ತಿಳಿಯಬೇಕೇ ಹೊರತು, ಒಣ ಹುಣಸೆಯ ಬೊಡ್ಡೆಯಲ್ಲಿ ಬಾರನ್ನು ಪೂರ್ತಿ ಹೂತು ದಿನವಿಡೀ ಕೊಯ್ಯಬಲ್ಲದು ಎಂದಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಹತ್ತು ಇಂಚು ದಪ್ಪದ ದಿಮ್ಮಿಯನ್ನು 16 ಇಂಚಿನ ಬಾರ್‌ನಿಂದ ಕೊಯ್ದರೂ 24 ಇಂಚಿನದರಿಂದ ಕೊಯ್ದರೂ ಮರದೊಳಗೆ ಕಚ್ಚಿಕೊಳ್ಳುವ ಹಲ್ಲುಗಳು ಅಷ್ಟೇ. ಆದ್ದರಿಂದ ಉದ್ದ ಬಾರ್ ತಾನಾಗಿಯೇ ಎಂಜಿನ್ನನ್ನು ಕೆಡಿಸುವುದಿಲ್ಲ. ಆದರೆ ಉದ್ದ ಬಾರ್ ಕೈಯಲ್ಲಿದ್ದಾಗ ದಪ್ಪ ಮರಕ್ಕೆ ಪೂರ್ತಿ ಇಳಿಸುವ ಆಸೆ ಹುಟ್ಟುತ್ತದೆ. ಆಗ ಚೈನ್ ನಿಧಾನವಾಗುತ್ತದೆ, ಕ್ಲಚ್ ಜಾರಿ ಕಾಯುತ್ತದೆ, ಆಯಿಲ್ ಪಂಪಿನಿಂದ ಬರುವ ಎಣ್ಣೆ ಬಾರ್‌ನ ತುದಿಯವರೆಗೆ ಸಾಲದೆ ಅದರ ಕಾಲುವೆ ಸವೆಯುತ್ತದೆ. ಅರ ಹಾಕಬೇಕಾದ ಹಲ್ಲುಗಳೂ ಹೆಚ್ಚು, ಹೊಸ ಚೈನ್‌ನ ಬೆಲೆಯೂ ಹೆಚ್ಚು.

ಅಳತೆಗಳ ಹೊಂದಾಣಿಕೆ

ಬಾರ್‌ನ ಉದ್ದವೆಂದರೆ ಕಳಚಿಟ್ಟ ಪಟ್ಟಿಯ ಪೂರ್ಣ ಉದ್ದವಲ್ಲ. ಯಂತ್ರದ ಮುಖದಿಂದ ತುದಿಯವರೆಗೆ ಹೊರಚಾಚಿದ ಭಾಗ. 30 ರಿಂದ 35 ಸಿಸಿಯ ಸಣ್ಣ ಯಂತ್ರಕ್ಕೆ 12 ರಿಂದ 14 ಇಂಚು ಸಾಕು. ಇದು ಮನೆಬಳಕೆಗೆ, ಟೊಂಗೆ ಸವರಲು ಸರಿ, ವೃತ್ತಿಗೆ ಒದಗದು. 45 ಸಿಸಿಯ ವರ್ಗಕ್ಕೆ 16 ಇಂಚು ಹೊಂದುತ್ತದೆ. ಈ ವರ್ಗದ ಸ್ಟಿಲ್ ಎಂ.ಎಸ್. 250 ಯಂತ್ರದ ಶಕ್ತಿ 2.3 ಕಿಲೋವ್ಯಾಟ್. ವೃತ್ತಿಪರರ ನಿಜವಾದ ಆಯ್ಕೆ ಆರಂಭವಾಗುವುದು 70 ಸಿಸಿಯ ಆಸುಪಾಸಿನಲ್ಲಿ. ಉದಾಹರಣೆಗೆ ಎಂ.ಎಸ್. 382: ಸಾಮರ್ಥ್ಯ 72.2 ಸಿಸಿ, ಶಕ್ತಿ 3.9 ಕಿಲೋವ್ಯಾಟ್. ಇಂಥ ಯಂತ್ರಕ್ಕೆ ಮೆದು ಮರದಲ್ಲಿ 25 ಇಂಚು ನಡೆದೀತು. ಜಾಲಿ, ಹುಣಸೆಗೆ 18 ಅಥವಾ 20 ಇಂಚು ಮೇಲು. 90 ಸಿಸಿಯ ದೈತ್ಯ ಯಂತ್ರ ನಮ್ಮ ಜಿಲ್ಲೆಯಲ್ಲಿ ಬೇಕಾಗುವವರು ವಿರಳ. ಬಾರ್, ಚೈನ್, ಪೆಟ್ರೋಲ್ ಸೇರಿದರೆ ಒಂಬತ್ತು ಹತ್ತು ಕಿಲೋ ಆಗುವ ಅದನ್ನು ಬಿಸಿಲಿನಲ್ಲಿ ಸಂಜೆಯವರೆಗೆ ಹಿಡಿದು ನಿಲ್ಲುವುದು ಸುಲಭವಲ್ಲ.

‘ಹಾಗಾದರೆ ಮೂರಡಿ ದಪ್ಪದ ಹುಣಸೆಗೆ ಏನು ಮಾಡುವುದು?’ ಎಂದು ಕೇಳಬಹುದು. 20 ಇಂಚಿನ ಬಾರ್ ಎರಡೂ ಬದಿಯಿಂದ ಕೊಯ್ದರೆ 36 ಇಂಚಿನ ಮರವನ್ನು ದಾಟುತ್ತದೆ. ಅದಕ್ಕೆ ಕೈಚಳಕ ಬೇಕು, ಹೊತ್ತೂ ಹಿಡಿಯುತ್ತದೆ. ಆದರೆ ವರ್ಷಕ್ಕೆ ನಾಲ್ಕಾರು ಬಾರಿ ಸಿಗುವ ಅಂಥ ಮರಕ್ಕಾಗಿ ದಿನನಿತ್ಯ ಉದ್ದ ಬಾರ್ ಹೊರುವುದು ಜಾಣತನವಲ್ಲ.

ಮಾರುಕಟ್ಟೆಯಲ್ಲಿ ‘58 ಸಿಸಿ, 22 ಇಂಚು’ ಎಂದು ಅಗ್ಗಕ್ಕೆ ಬಿಕರಿಯಾಗುವ ಯಂತ್ರಗಳ ಬಗ್ಗೆ ಎಚ್ಚರ ಅಗತ್ಯ. ಡಬ್ಬಿಯ ಮೇಲಿನ ಸಂಖ್ಯೆ ನೋಡಿ ನಂಬದೆ ಸಿಲಿಂಡರ್‌ನ ವ್ಯಾಸ ಹಾಗೂ ಸ್ಟ್ರೋಕ್ ಕೇಳಿ ಲೆಕ್ಕ ಹಾಕಬೇಕು. ವ್ಯಾಸ 45 ಮಿ.ಮೀ., ಸ್ಟ್ರೋಕ್ 34 ಮಿ.ಮೀ. ಇದ್ದರೆ ಸಾಮರ್ಥ್ಯ 54 ಸಿಸಿ ಮಾತ್ರ. ಸಿಸಿಗಿಂತಲೂ ಕಿಲೋವ್ಯಾಟ್ ಮುಖ್ಯ. ಎರಡು ಕಿಲೋವ್ಯಾಟ್ ದಾಟಿದ ಮಾತ್ರಕ್ಕೆ 22 ಇಂಚಿನ ಬಾರ್ ಗಟ್ಟಿ ಮರದಲ್ಲಿ ಓಡುವುದಿಲ್ಲ. ಅಂಥ ಯಂತ್ರವನ್ನು ಕೊಂಡೇ ಆಗಿದ್ದರೆ 16 ಅಥವಾ 18 ಇಂಚಿನ ಬಾರ್ ಹಾಕಿಸುವುದು ಸೂಕ್ತ.

ಬಾರ್ ಬದಲಿಸುವಾಗ ಇಂಚೊಂದೇ ಹೊಂದಿದರೆ ಸಾಲದು. ಚೈನ್‌ನ ಪಿಚ್, ಬಾರ್‌ನ ಕಾಲುವೆಯ ಅಗಲವಾದ ಗೇಜ್, ಕಾಲುವೆಯಲ್ಲಿ ಓಡುವ ಡ್ರೈವ್ ಲಿಂಕುಗಳ ಸಂಖ್ಯೆ ಈ ಮೂರೂ ಕೂಡಿಬರಬೇಕು. ಸಾಲಾಗಿ ಮೂರು ರಿವೆಟ್‌ಗಳ ನಡುವಿನ ಅಂತರವನ್ನು ಎರಡರಿಂದ ಭಾಗಿಸಿದರೆ ಪಿಚ್ ಸಿಗುತ್ತದೆ. ಮಧ್ಯಮ ಯಂತ್ರಗಳಲ್ಲಿ 0.325 ಇಂಚು, 70 ಸಿಸಿಯವುಗಳಲ್ಲಿ 3/8 ಇಂಚು ಸಾಮಾನ್ಯ. ಎಂಜಿನ್ನಿನ ಪಕ್ಕದ ಸ್ಪ್ರಾಕೆಟ್ ಹಾಗೂ ಬಾರ್ ತುದಿಯ ಚಕ್ರ ಎರಡೂ ಅದೇ ಪಿಚ್‌ನವು ಇರಬೇಕು. ಒಂದೇ ಉದ್ದದ ಬಾರ್‌ಗೂ ಕಂಪನಿಯಿಂದ ಕಂಪನಿಗೆ ಲಿಂಕುಗಳ ಎಣಿಕೆ ಬದಲಾಗುವುದರಿಂದ ಹಳೆಯ ಚೈನನ್ನು ಅಂಗಡಿಗೆ ಒಯ್ದು ಎಣಿಸಿಯೇ ಕೊಳ್ಳುವುದು ಕ್ಷೇಮ.

ಬಾದಾಮಿಯ ಮರಳು, ಜಾಲಿಯ ಮುಳ್ಳು

ಇಂದಿನ ಚೈನ್‌ನ ಕೊಕ್ಕೆಯಂಥ ಹಲ್ಲನ್ನು 1940ರ ದಶಕದಲ್ಲಿ ರೂಪಿಸಿದವರು ಅಮೆರಿಕದ ಜೋಸೆಫ್ ಕಾಕ್ಸ್. ಮರ ಕೊರೆಯುವ ಹುಳುವಿನ ದವಡೆ ಅವರಿಗೆ ಮಾದರಿಯಾಯಿತು. ಆ ಹಲ್ಲಿನ ಶತ್ರು ಮರಕ್ಕಿಂತ ಮಣ್ಣು. ಬಾದಾಮಿಯ ಮರಳುಗಲ್ಲಿನ ಗುಡ್ಡಗಳು ಸವೆದು ಉದುರಿಸುವುದು ಸ್ಫಟಿಕದ ಮರಳನ್ನು. ಗಾಳಿಗೆ ತೂರಿ ಬಂದು ತೊಗಟೆಯ ಬಿರುಕಿನಲ್ಲಿ ಕುಳಿತ ಅದು ಹರಿತವಾದ ಹಲ್ಲನ್ನು ಕೆಲವೇ ಕೊಯ್ತದಲ್ಲಿ ಮೊಂಡಾಗಿಸುತ್ತದೆ. ಹೀಗಾಗಿ ಚೂಪು ಮೂಲೆಯ ‘ಫುಲ್ ಚಿಸೆಲ್’ ಚೈನ್‌ಗಿಂತ, ಮೂಲೆ ದುಂಡಾದ ‘ಸೆಮಿ ಚಿಸೆಲ್’ ಇಲ್ಲಿಗೆ ಒಪ್ಪುತ್ತದೆ. ವೇಗ ತುಸು ಕಡಿಮೆ, ಬಾಳಿಕೆ ಹೆಚ್ಚು. ಬುಡದ ತೊಗಟೆಯನ್ನು ಮೊದಲು ಕೊಡಲಿಯಿಂದ ಕೆತ್ತಿ ತೆಗೆದರೆ ಅರ್ಧ ತೊಂದರೆ ನಿವಾರಣೆಯಾಗುತ್ತದೆ. ಬೇಲಿಯ ಮರದಲ್ಲಿ ತಂತಿ, ರಸ್ತೆ ಬದಿಯ ಬೇವಿನಲ್ಲಿ ಫಲಕದ ಮೊಳೆ ಇಲ್ಲದಿರುವುದೇ ಅಪರೂಪ. ಮೊದಲೇ ತಡವಿ ನೋಡಬೇಕು.

1877ರಲ್ಲಿ ಕಡಪ ಸೀಮೆಗೆ ಬೀಜವಾಗಿ ಬಂದು ದಖ್ಖನಿನ ತುಂಬ ಹಬ್ಬಿದ ಬಳ್ಳಾರಿ ಜಾಲಿಯಲ್ಲಿ ದಪ್ಪ ಬೊಡ್ಡೆ ಕಡಿಮೆ. ಒಂದೇ ಬುಡದಿಂದ ಹಲವು ಕವಲು. ಮುಳ್ಳಿನಾಚೆಗೆ ಎಟುಕಲೆಂದು ಕೆಲವರು ಉದ್ದ ಬಾರ್ ಬಯಸುತ್ತಾರೆ. ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಪೊದೆಯೊಳಗೆ ಕಾಣದ ಬಾರ್‌ನ ಮೂತಿಯ ಮೇಲ್ಭಾಗ ಇನ್ನೊಂದು ಕವಲಿಗೆ ತಾಗಿದರೆ ಯಂತ್ರ ಕ್ಷಣಾರ್ಧದಲ್ಲಿ ಮುಖದತ್ತ ಚಿಮ್ಮುತ್ತದೆ. ಈ ಕಸುಬಿನ ಭೀಕರ ಗಾಯಗಳಿಗೆ ಇದೊಂದು ಮುಖ್ಯ ಕಾರಣ. ಕುಡಗೋಲಿನಿಂದ ಮುಳ್ಳು ಸವರಿ, ಮೂತಿ ಕಣ್ಣಿಗೆ ಕಾಣುವಂತೆ 16 ಅಥವಾ 18 ಇಂಚಿನ ಬಾರ್‌ನಲ್ಲಿ ಕೊಯ್ಯುವುದು ಸುರಕ್ಷಿತ. ಚೈನ್ ಬ್ರೇಕ್ ಕೆಲಸ ಮಾಡದ ಯಂತ್ರವನ್ನು ಚಾಲೂ ಮಾಡಲೇಬಾರದು. ಧೋತರ, ಲುಂಗಿ, ಹೆಗಲ ಮೇಲಿನ ಟವೆಲ್ ಈ ಕೆಲಸಕ್ಕೆ ಸಲ್ಲದ ಉಡುಪು.

ಇಂಧನದ ಕುರಿತು ಒಂದು ಮಾತು. ಎರಡು ಸ್ಟ್ರೋಕ್ ಎಂಜಿನ್ನಿಗೆ 50ಕ್ಕೆ 1ರ ಮಿಶ್ರಣವೆಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟೂ-ಟಿ ಆಯಿಲ್. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಯಂತ್ರ ಅದನ್ನು ತಾಳುತ್ತದೆಯೇ ಎಂಬುದನ್ನು ಪುಸ್ತಿಕೆಯಲ್ಲಿ ನೋಡಿಕೊಂಡು, ಬೆರೆಸಿದ ಇಂಧನವನ್ನು ತಿಂಗಳುಗಟ್ಟಲೆ ಇಡದೆ ಬಳಸಿ ಮುಗಿಸಬೇಕು.

ಕೊನೆಯದಾಗಿ ಕಾನೂನು. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಅನ್ವಯ ಮರ ಕಡಿಯಲು ವೃಕ್ಷಾಧಿಕಾರಿಯ ಪೂರ್ವಾನುಮತಿ ಬೇಕು. ಬಳ್ಳಾರಿ ಜಾಲಿ, ನೀಲಗಿರಿ, ಸರ್ವೆ, ಸುಬಾಬುಲ್, ಸಿಲ್ವರ್ ಓಕ್ ಮುಂತಾದವಕ್ಕೆ ವಿನಾಯಿತಿ ಇದೆ. ಬೇವು, ಹುಣಸೆಯಂಥ ಮರಗಳ ವಿಷಯದಲ್ಲಿ ಹೊಲ ಸ್ವಂತದ್ದೇ ಆದರೂ ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸಿ, ಕಟ್ಟಿಗೆ ಸಾಗಿಸಲು ಬೇರೆ ಪರವಾನಗಿ ಬೇಕೇ ಎಂಬುದನ್ನೂ ಅಲ್ಲಿಯೇ ತಿಳಿದುಕೊಳ್ಳಬಹುದು.